ನಮ್ಮ ಶಾಲೆಗೆ ಕಂಪ್ಯೂಟರು: ಹಣ ಎಲ್ಲಿಂದ, ಹೇಗೆ?

(ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ. ಇತರ ರಾಜ್ಯಗಳ ಓದುಗರಿಗೂ ಉಪಯೋಗವಾಗಲೆಂದು ಕೆಲವು ಮಾತುಗಳನ್ನು ಸೇರಿಸಲಾಗಿದೆ.)



ಪ್ರತಿ ವರ್ಷ ಜೂನ್ ತಿಂಗಳು ಬಂತೆಂದರೆ ನಮ್ಮ ಶಾಲೆಗಳ ಅಧ್ಯಾಪಕರು ಒಂದು ಪ್ರಶ್ನೆಗೆ ಉತ್ತರ ಹುಡುಕಬೇಕಾಗುತ್ತದೆ. ಮಗುವನ್ನು ಸೇರಿಸಲು ಬಂದ ತಂದೆ ಅಥವಾ ತಾಯಿ, ಕಟ್ಟಡವನ್ನು ಒಮ್ಮೆ ನೋಡಿ, "ಇಲ್ಲಿ ಕಂಪ್ಯೂಟರು ಕಲಿಸುತ್ತೀರಾ?" ಎಂದು ಕೇಳುತ್ತಾರೆ. ಪಾಠ ಚೆನ್ನಾಗಿದೆಯೆ, ಅಧ್ಯಾಪಕರು ಎಷ್ಟು ಮಂದಿ ಎಂದು ಆಮೇಲೆ. ಉತ್ತರ ತಡವರಿಸಿದರೆ ಆ ಮಗು ಮರುದಿನ ಪೇಟೆಯ ಇಂಗ್ಲಿಷ್ ಶಾಲೆಯ ಹಳದಿ ಬಸ್ಸಿನಲ್ಲಿರುತ್ತದೆ. ಹೀಗೆ ವರ್ಷಕ್ಕೆ ನಾಲ್ಕು, ಐದು ಮಕ್ಕಳು ಹೋದರೆ ಒಂದು ತರಗತಿ ಹೋಗುತ್ತದೆ. ತರಗತಿ ಹೋದರೆ ಅಧ್ಯಾಪಕ ಹುದ್ದೆ ಹೋಗುತ್ತದೆ. ಹುದ್ದೆ ಹೋದ ಮೇಲೆ ಶಾಲೆ ಉಳಿಯುವುದು ಹೆಸರಿಗೆ ಮಾತ್ರ. ಆದುದರಿಂದ ಕಂಪ್ಯೂಟರಿನ ಪ್ರಶ್ನೆ ಯಂತ್ರದ ಪ್ರಶ್ನೆಯಲ್ಲ. ನಮ್ಮ ಶಾಲೆಗಳ ಅಳಿವು ಉಳಿವಿನ ಪ್ರಶ್ನೆ.

ಇಂದು ನಾನು ಭಾಷಾಭಿಮಾನದ ಭಾಷಣ ಮಾಡಲು ನಿಂತಿಲ್ಲ. ಅದನ್ನು ನನಗಿಂತ ಚೆನ್ನಾಗಿ ಮಾಡುವವರು ಇಲ್ಲಿದ್ದಾರೆ. ನಮ್ಮ ಮಕ್ಕಳಿಗೆ ತಂತ್ರಜ್ಞಾನ ಕಲಿಸಲು ಬೇಕಾದ ಹಣ ಎಲ್ಲೆಲ್ಲಿದೆ, ಅದನ್ನು ಕೇಳುವ ಕ್ರಮ ಯಾವುದು, ಬಂದ ಹಣ ವ್ಯರ್ಥವಾಗದಂತೆ ಏನು ಮಾಡಬೇಕು ಎಂಬ ಮೂರು ಮಾತುಗಳನ್ನಷ್ಟೆ ಹೇಳುತ್ತೇನೆ.

ಬೀಗ ಹಾಕಿದ ಕೋಣೆ

ಮೊದಲು ನಮ್ಮದೇ ತಪ್ಪಿನ ಕತೆ. ಕೆಲವು ವರ್ಷಗಳ ಹಿಂದೆ ನಾನು ಒಂದು ಶಾಲೆಯ ರಕ್ಷಕ-ಶಿಕ್ಷಕ ಸಂಘದ ಕಾರ್ಯದರ್ಶಿಯಾಗಿದ್ದೆ. ದಾನಿಯೊಬ್ಬರ ಬೆನ್ನು ಹತ್ತಿ ಎಂಟು ಕಂಪ್ಯೂಟರುಗಳನ್ನು ತರಿಸಿದೆವು. ಸಮಾರಂಭ ನಡೆಯಿತು, ರಿಬ್ಬನು ಕತ್ತರಿಸಿದೆವು, ಪತ್ರಿಕೆಯಲ್ಲಿ ಚಿತ್ರ ಬಂತು. ಮೊದಲ ದಿನ ಐದನೆಯ ತರಗತಿಯ ಒಬ್ಬಳು ಹುಡುಗಿ ಕೀಲಿಮಣೆಯನ್ನು ಮುಟ್ಟದೆ ದೂರದಿಂದಲೇ ನೋಡುತ್ತಾ ಅಧ್ಯಾಪಕರನ್ನು ಕೇಳಿದಳು: "ಮಾಷ್ಟ್ರೇ, ಇದರಲ್ಲಿ ಕನ್ನಡ ಬರೀಲಿಕ್ಕೆ ಆಗ್ತದಾ?"

ಅಧ್ಯಾಪಕರು ನನ್ನ ಮುಖ ನೋಡಿದರು. ನಾನು ತಂದುಕೊಟ್ಟವರ ಮುಖ ನೋಡಿದೆ. ಯಾರಿಗೂ ಗೊತ್ತಿರಲಿಲ್ಲ. ಆಗುತ್ತದೆ ಎಂಬುದು ಈಗ ಗೊತ್ತು. ಆ ದಿನ ತೋರಿಸಿಕೊಡುವವರು ಒಬ್ಬರೂ ಇರಲಿಲ್ಲ. ಕಲಿಸುವವರಿಗೆಂದು ನಾವು ಒಂದು ರೂಪಾಯಿಯನ್ನೂ ಕೇಳಿರಲಿಲ್ಲ. ಮೂರನೆಯ ಮಳೆಗಾಲದ ಹೊತ್ತಿಗೆ ಬ್ಯಾಟರಿ ಸತ್ತಿತು, ಗೋಡೆ ಒದ್ದೆಯಾಯಿತು, ಕೋಣೆಗೆ ಬೀಗ ಬಿತ್ತು.

ಕತೆ ಅಲ್ಲಿಗೂ ಮುಗಿಯಲಿಲ್ಲ. ಮುಂದೆ ಒಂದು ಯೋಜನೆಯಲ್ಲಿ ಹೊಸ ಯಂತ್ರಗಳಿಗೆ ಅರ್ಜಿ ಹಾಕಿದಾಗ ಬಂದ ಉತ್ತರ: ನಿಮ್ಮಲ್ಲಿ ಈಗಾಗಲೇ ಎಂಟು ಕಂಪ್ಯೂಟರುಗಳಿವೆ. ದಾಸ್ತಾನು ಪುಸ್ತಕದಲ್ಲಿ ಎಂಟು ಇದ್ದುವು. ಶಾಲೆಯ ವಾರ್ಷಿಕ ಮಾಹಿತಿಯಲ್ಲೂ ಎಂಟು ಎಂದೇ ತುಂಬಿಸಿದ್ದೆವು. ಸತ್ತ ಯಂತ್ರಗಳು ಕಾಗದದಲ್ಲಿ ಬದುಕಿದ್ದು ನಮ್ಮ ಮಕ್ಕಳ ಪಾಲನ್ನು ತಿಂದುವು. ಇದರಲ್ಲಿ ಇಲಾಖೆಯನ್ನು ದೂರಿ ಪ್ರಯೋಜನವಿಲ್ಲ. ತಪ್ಪು ನಮ್ಮದು.

ಈ ಅನುಭವದಿಂದ ನಾನು ಕಲಿತದ್ದು ಇಷ್ಟೆ. ಯಂತ್ರಕ್ಕೆ ಹಣ ಸಿಗುವುದು ಸುಲಭ, ಏಕೆಂದರೆ ಯಂತ್ರದ ಮೇಲೆ ದಾನಿಯ ಹೆಸರು ಬರೆಯಬಹುದು. ಕಲಿಸುವವರಿಗೆ, ದುರಸ್ತಿಗೆ, ಕನ್ನಡದ ಪಾಠಕ್ಕೆ ಹಣ ಸಿಗುವುದು ಕಷ್ಟ. ಆದರೆ ಮಗು ಕಲಿಯುವುದು ಈ ಎರಡನೆಯ ಹಣದಿಂದ.

ಹಕ್ಕಿನ ಹಣ

ಹಣ ಮೂರು ಕಡೆಯಿಂದ ಬರಬಹುದು. ಒಂದು ನಾವು ಹಕ್ಕಿನಿಂದ ಕೇಳಬೇಕಾದದ್ದು, ಇನ್ನೊಂದು ಅಕ್ಕರೆಯಿಂದ ಬರುವುದು, ಮತ್ತೊಂದು ಒಪ್ಪಂದದಿಂದ ಬರುವುದು. ಮೂರನ್ನೂ ಒಂದೇ ದನಿಯಲ್ಲಿ ಕೇಳಬಾರದು.

ಹಕ್ಕಿನದ್ದನ್ನು ಮೊದಲು ಹೇಳುತ್ತೇನೆ. 1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಬರೆದಾಗ ನಮ್ಮ ಹಾಗೆ ಆಚೆ ಉಳಿದವರಿಗಾಗಿ ಸಂವಿಧಾನಕ್ಕೆ 350ಎ ಎಂಬ ವಿಧಿಯನ್ನು ಸೇರಿಸಲಾಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಆ ವಿಧಿಯಲ್ಲಿ ರಾಜ್ಯದ ಜೊತೆಗೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯ ಹೆಸರೂ ಇದೆ. ಎಂದರೆ ನಮ್ಮ ಗ್ರಾಮ ಪಂಚಾಯತಿಗೂ ಈ ಹೊಣೆ ಇದೆ. ಕೇರಳದಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳು ಗ್ರಾಮ ಪಂಚಾಯತಿಗೂ ಹೈಸ್ಕೂಲುಗಳು ಜಿಲ್ಲಾ ಪಂಚಾಯತಿಗೂ ಸೇರಿವೆ. 1996ರಲ್ಲಿ ಆರಂಭವಾದ ಜನಕೀಯ ಯೋಜನೆಯ ಕ್ರಮದಂತೆ ಪಂಚಾಯತಿನ ಯೋಜನೆಗೆ ಗ್ರಾಮಸಭೆಯಲ್ಲಿ ಬೇಡಿಕೆ ಬರಬೇಕು. ಗ್ರಾಮಸಭೆಯ ದಿನ ನಾವು ಹೋಗುವುದಿಲ್ಲ. ಆಮೇಲೆ ಪಟ್ಟಿಯಲ್ಲಿ ನಮ್ಮ ಶಾಲೆ ಇಲ್ಲವೆಂದು ಬೇಸರಿಸುತ್ತೇವೆ. ಇದು ಸರಿಯೆ?

ಎರಡನೆಯದು 2009ರ ಶಿಕ್ಷಣ ಹಕ್ಕು ಕಾಯ್ದೆ. ಅದರ 21ನೆಯ ಸೆಕ್ಷನಿನಂತೆ ಸರಕಾರಿ ಮತ್ತು ಅನುದಾನಿತ ಶಾಲೆಗಳ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಅಲ್ಪಸಂಖ್ಯಾತರೇ ಸ್ಥಾಪಿಸಿ ನಡೆಸುವ ಶಾಲೆಗಳಲ್ಲಿ ಈ ಸಮಿತಿ ಸಲಹೆ ಕೊಡುವುದಕ್ಕೆ ಸೀಮಿತ. 22ನೆಯ ಸೆಕ್ಷನ್ ಶಾಲಾ ಅಭಿವೃದ್ಧಿ ಯೋಜನೆಯ ವಿಷಯ. ಸಮಿತಿ ತಯಾರಿಸುವ ಆ ಯೋಜನೆಯೇ ಸರಕಾರ ಅಥವಾ ಸ್ಥಳೀಯ ಸಂಸ್ಥೆ ಕೊಡುವ ಅನುದಾನಕ್ಕೆ ಆಧಾರವಾಗಬೇಕೆಂದು ಕಾಯ್ದೆ ಹೇಳುತ್ತದೆ. ನಿಮ್ಮ ಶಾಲೆಯ ಆ ಯೋಜನೆಯನ್ನು ನಿಮ್ಮಲ್ಲಿ ಎಷ್ಟು ಮಂದಿ ಓದಿದ್ದೀರಿ? ಅದರಲ್ಲಿ ಕನ್ನಡದಲ್ಲಿ ಕಂಪ್ಯೂಟರು ಕಲಿಸುವ ವಿಷಯ ಒಂದು ಸಾಲಾದರೂ ಇದೆಯೆ? ಅಲ್ಲಿ ಬರೆಯದ ಬೇಡಿಕೆ ಮುಂದೆ ಎಲ್ಲಿಯೂ ಬೇಡಿಕೆಯಾಗುವುದಿಲ್ಲ.

ಮೂರನೆಯದು ಸರಕಾರದ ಯೋಜನೆಗಳು. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭವಾದದ್ದು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅದರ ಪಠ್ಯಪುಸ್ತಕಗಳು ಕನ್ನಡದಲ್ಲಿಯೂ ಬರುತ್ತವೆ. 2018ರಿಂದ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕೂಟ ಹೈಸ್ಕೂಲುಗಳಲ್ಲಿ ನಡೆಯುತ್ತಿದೆ. ನಿಮ್ಮ ಮಗು ಹೋಗುವ ಹೈಸ್ಕೂಲಿನಲ್ಲಿ ಅದು ಇದೆಯೆ, ಕನ್ನಡ ವಿಭಾಗದ ಮಕ್ಕಳು ಎಷ್ಟು ಮಂದಿ ಅದರಲ್ಲಿದ್ದಾರೆ, ತರಬೇತಿ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದು ವಿಚಾರಿಸಿ. ಪುಸ್ತಕ ಕನ್ನಡದಲ್ಲಿದ್ದು ವಿವರಣೆ ಮಗುವಿಗೆ ತಿಳಿಯದ ಭಾಷೆಯಲ್ಲಿದ್ದರೆ ಸೌಲಭ್ಯ ಅರ್ಧವಾಯಿತು.

ಕೇಂದ್ರದ ಸಮಗ್ರ ಶಿಕ್ಷಾ ಯೋಜನೆ 2018ರಲ್ಲಿ ಆರಂಭವಾಯಿತು. ಅದರ ಚೌಕಟ್ಟಿನಲ್ಲಿ ಒಂದು ಶಾಲೆಯ ಕಂಪ್ಯೂಟರು ಕೋಣೆಗೆ ಒಂದು ಬಾರಿಗೆ 6.40 ಲಕ್ಷ ರೂ. ವರೆಗೆ, ನಡೆಸುವ ಖರ್ಚಿಗೆ ವರ್ಷಕ್ಕೆ 2.40 ಲಕ್ಷ ರೂ. ವರೆಗೆ ಐದು ವರ್ಷ ಎಂದು ಲೆಕ್ಕ ಹಾಕಲಾಯಿತು. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆ 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ. ಅದರಲ್ಲಿ ಶಾಲೆಯೊಂದಕ್ಕೆ 20 ಲಕ್ಷ ರೂ. ವರೆಗೆ, ಹತ್ತು ಲಕ್ಷ ಸಾಮಗ್ರಿಗೆ, ಹತ್ತು ಲಕ್ಷ ಐದು ವರ್ಷಗಳ ಖರ್ಚಿಗೆ. 2025ರ ಕೇಂದ್ರ ಬಜೆಟಿನಲ್ಲಿ ಐದು ವರ್ಷಗಳಲ್ಲಿ ಸರಕಾರಿ ಶಾಲೆಗಳಿಗೆ 50,000 ಇಂಥ ಲ್ಯಾಬುಗಳೆಂದು ಘೋಷಿಸಲಾಯಿತು. ಈ ಅಂಕಿಗಳನ್ನು ಗಮನಿಸಿ. ಸಮಗ್ರ ಶಿಕ್ಷಾದ ಲೆಕ್ಕದಲ್ಲಿ ಐದು ವರ್ಷದ ನಡೆಸುವ ಖರ್ಚು 12 ಲಕ್ಷ, ಯಂತ್ರಕ್ಕೆ 6.40 ಲಕ್ಷ. ಸರಕಾರವೇ ಯಂತ್ರದ ಸುಮಾರು ಎರಡರಷ್ಟು ಹಣ ನಡೆಸಲು ಬೇಕೆಂದು ಒಪ್ಪಿದ ಮೇಲೆ ನಾವೇಕೆ ಬರೇ ಯಂತ್ರ ಕೇಳಬೇಕು?

ಆದರೆ ಒಂದೇ ಕೊಂಬೆಗೆ ಜೋತುಬೀಳಬಾರದು. ಪಿ.ಎಂ.ಶ್ರೀ ಯೋಜನೆಗೆ ಸಹಿ ಹಾಕುವ ವಿಷಯದಲ್ಲಿ ಕೇಂದ್ರಕ್ಕೂ ರಾಜ್ಯಗಳಿಗೂ ಜಗಳವಾಗಿ 2024-25ರಲ್ಲಿ ಕೇರಳ, ತಮಿಳುನಾಡುಗಳಿಗೆ ಸಮಗ್ರ ಶಿಕ್ಷಾದ ಹಣ ತಡೆಹಿಡಿಯಲ್ಪಟ್ಟದ್ದು ನಿಮಗೆ ನೆನಪಿರಬಹುದು. ದೊಡ್ಡವರ ಜಗಳದಲ್ಲಿ ಸಣ್ಣ ಶಾಲೆ ಮೊದಲು ಸೊರಗುತ್ತದೆ.

ಸಂಸದರ ಪ್ರದೇಶಾಭಿವೃದ್ಧಿ ನಿಧಿ 1993ರಿಂದ ಇದೆ. ಈಗ ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂ. ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಕಂಪ್ಯೂಟರು ಕೊಡಿಸಲು ಇದರಲ್ಲಿ ಅವಕಾಶವಿದೆ. ಸಂಸದರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ರಾಜ್ಯಸಭೆಯ ಸದಸ್ಯರು ತಾವು ಆರಿಸಿ ಬಂದ ರಾಜ್ಯದ ಯಾವ ಜಿಲ್ಲೆಗೂ ಶಿಫಾರಸು ಮಾಡಬಹುದೆಂಬುದನ್ನು ನೆನಪಿಡಿ. ಆದರೆ ಇದು ಆಸ್ತಿಗೆ ಸಿಗುವ ಹಣ, ಸಂಬಳಕ್ಕಲ್ಲ.

ಇಷ್ಟಾಗಿಯೂ ನಮ್ಮ ಶಾಲೆಯನ್ನು ಭಾಷೆಯ ಕಾರಣದಿಂದ ಬದಿಗಿಟ್ಟಿದ್ದಾರೆಂದು ತೋರಿದರೆ ಏನು ಮಾಡಬೇಕು? ಅಲ್ಪಸಂಖ್ಯಾತರ ಆಡಳಿತದಲ್ಲಿದೆ ಎಂಬ ಕಾರಣಕ್ಕೆ ಯಾವುದೇ ವಿದ್ಯಾಸಂಸ್ಥೆಗೆ ನೆರವಿನಲ್ಲಿ ತಾರತಮ್ಯ ಮಾಡಕೂಡದೆಂದು 30ನೆಯ ವಿಧಿಯ ಎರಡನೆಯ ಭಾಗ ಹೇಳುತ್ತದೆ. ಅಲ್ಪಸಂಖ್ಯಾತರೆಂದರೆ ಧರ್ಮದಿಂದಲೂ ಆಗಬಹುದು, ಭಾಷೆಯಿಂದಲೂ ಆಗಬಹುದು. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರ ಕಮಿಷನರರ ಹುದ್ದೆ 1957ರಿಂದ ಇದೆ. ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಅಥವಾ ಕೇಂದ್ರದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದೆಂದು 350ನೆಯ ವಿಧಿ ಹೇಳುತ್ತದೆ. ಕನ್ನಡದಲ್ಲಿ ಬರೆಯಿರಿ. ಆದರೆ ಕೆಲಸ ಬೇಗ ಆಗಬೇಕಾದರೆ ಕಚೇರಿಯ ಭಾಷೆಯ ಪ್ರತಿಯೊಂದನ್ನು ಜೊತೆಗಿಡಿ. ಹಕ್ಕೂ ಉಳಿಯಲಿ, ಕಡತವೂ ನಡೆಯಲಿ.

ಅಕ್ಕರೆಯ ಹಣ

ಇನ್ನು ಕರ್ನಾಟಕದಿಂದ ಬರುವ ನೆರವು. 2010ರ ಕಾಯ್ದೆಯಂತೆ ರಚನೆಯಾದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡ ಕೆಲಸಗಳಿಗೂ ಅನುದಾನ ಕೊಡುತ್ತ ಬಂದಿದೆ. ಅರ್ಜಿ ಕರೆದಾಗ ಆ ವರ್ಷದ ನಿಯಮಗಳನ್ನು ಪೂರ್ತಿ ಓದಿ, ಕೇಳಿದ ಕಾಗದಗಳನ್ನೆಲ್ಲ ಲಗತ್ತಿಸಿ ಕಳುಹಿಸಬೇಕು.

ಇಲ್ಲಿ ನಮ್ಮ ಹಿರಿಯರೊಬ್ಬರು ನನ್ನನ್ನು ತಡೆದು ಕೇಳಿದ್ದುಂಟು: "ನೀವು ಬೆಂಗಳೂರಿಗೆ ಅರ್ಜಿ ಹಾಕಿದರೆ ತಿರುವನಂತಪುರದವರು ಕೈತೊಳೆದುಕೊಳ್ಳುವುದಿಲ್ಲವೆ? ತೆರಿಗೆ ಕಟ್ಟುವುದು ಇಲ್ಲಿ, ಬೇಡುವುದು ಅಲ್ಲಿಯೆ?" ಮಾತು ಸಣ್ಣದಲ್ಲ. ನಾನು ಅದನ್ನು ಬಹಳ ದಿನ ಯೋಚಿಸಿದ್ದೇನೆ. ನನಗೆ ತೋರಿದ್ದು ಹೀಗೆ. ಅಧ್ಯಾಪಕ ಹುದ್ದೆ, ಕಟ್ಟಡ, ವಿದ್ಯುತ್ತು, ಪಠ್ಯಪುಸ್ತಕ, ಯಂತ್ರ ಇವುಗಳನ್ನು ನಾವಿರುವ ರಾಜ್ಯದಿಂದಲೇ ಕೇಳಬೇಕು. ಇದರಲ್ಲಿ ಬಿಟ್ಟುಕೊಡುವ ಮಾತಿಲ್ಲ. ಇಲ್ಲಿಯ ಸರಕಾರ ಕೊಡಲು ಕಷ್ಟವಾದ, ಕನ್ನಡಕ್ಕೆಂದೇ ಬೇಕಾದ ವಸ್ತುಗಳಿವೆ: ಕನ್ನಡದ ಹೆಚ್ಚುವರಿ ಪಾಠಗಳು, ಕನ್ನಡ ಬಲ್ಲ ತರಬೇತುದಾರರ ಶಿಬಿರ, ಕನ್ನಡ ತಂತ್ರಾಂಶದ ಪರಿಚಯ. ಇದನ್ನು ಬೆಂಗಳೂರಿನಿಂದ ಕೇಳಬಹುದು. ತವರಿನಿಂದ ಸೀರೆ ಬರಲಿ, ಸಂತೋಷ. ಹಾಗೆಂದು ಗಂಡನ ಮನೆಯ ಅನ್ನದ ಹಕ್ಕನ್ನು ಯಾರಾದರೂ ಬಿಡುತ್ತಾರೆಯೆ? ಪ್ರತಿ ಅರ್ಜಿಯಲ್ಲೂ ಒಂದು ಸಾಲು ಬರೆಯಿರಿ: ಇಂಥ ದಿನಾಂಕದಂದು ನಮ್ಮ ರಾಜ್ಯ ಸರಕಾರಕ್ಕೆ ಇಂಥಿಂಥ ಬೇಡಿಕೆ ಸಲ್ಲಿಸಿದ್ದೇವೆ, ಈ ಅರ್ಜಿ ಅದರ ಹೊರತಾದದ್ದು. ಆಗ ಯಾರೂ ಯಾರ ಮೇಲೂ ಹಾಕಿ ತಪ್ಪಿಸಿಕೊಳ್ಳಲಾರರು.

ಅಕ್ಕರೆಯ ಹಣ ಇನ್ನೊಂದಿದೆ: ಹಳೆವಿದ್ಯಾರ್ಥಿಗಳದ್ದು. ನಮ್ಮ ಊರುಗಳ ಹುಡುಗರು ದುಬೈ, ಅಬುಧಾಬಿ, ಅಮೇರಿಕಾಗಳಲ್ಲಿದ್ದಾರೆ. ಇಲ್ಲಿ ಒಂದು ಎಚ್ಚರ. ಭಾರತದ ಪೌರನಾಗಿಯೇ ಇದ್ದು ವಿದೇಶದಲ್ಲಿ ದುಡಿಯುವವನು ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆಯೆಂದು ಎಣಿಕೆಯಾಗುವುದಿಲ್ಲ. ಆದರೆ ಅಮೇರಿಕಾದ ಪೌರತ್ವ ಪಡೆದ ನಮ್ಮವನೇ ಕಳುಹಿಸಿದರೂ ಅದು ವಿದೇಶಿ ದೇಣಿಗೆ. ಅದನ್ನು ಪಡೆಯಲು 2010ರ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಬೇಕು. 2020ರ ತಿದ್ದುಪಡಿಯ ಮೇಲೆ ಹೊಸದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಖಾತೆಯೂ ಬೇಕು. ತಿಳಿಯದೆ ತೆಗೆದುಕೊಂಡು ಮತ್ತೆ ಸಂಕಟಪಡುವುದು ಬೇಡ. ಸಂಬಂಧಿಕನ ಹೆಸರಿನಲ್ಲಿ ತರಿಸುವ ಉಪಾಯವಂತೂ ಬೇಡವೇ ಬೇಡ.

ಒಪ್ಪಂದದ ಹಣ

ಮೂರನೆಯದು ಕಂಪೆನಿಗಳ ಹಣ. 2013ರ ಕಂಪೆನಿ ಕಾಯ್ದೆಯ 135ನೆಯ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಗೆ ಬಂತು. ನಿಗದಿತ ಗಾತ್ರವನ್ನು ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಶಿಕ್ಷಣ ಆ ಪಟ್ಟಿಯಲ್ಲಿದೆ. ತಾವು ವ್ಯವಹಾರ ನಡೆಸುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂಬ ಮಾತೂ ಕಾಯ್ದೆಯಲ್ಲಿದೆ. ಆದುದರಿಂದ ದೂರದ ಮುಂಬಯಿಗೆ ಬರೆಯುವ ಮುನ್ನ ಹತ್ತಿರದ ಕಾರ್ಖಾನೆಯನ್ನು ನೋಡಿ. ಹೊಸೂರಿನ ಹೆತ್ತವರಿಗೆ ಈ ಮಾತು ಹೆಚ್ಚು ಉಪಯೋಗದ್ದು, ಅವರ ಸುತ್ತ ದೊಡ್ಡ ಕಾರ್ಖಾನೆಗಳೇ ಇವೆ. ತಮಿಳುನಾಡಿನಲ್ಲಿ ಸರಕಾರಿ ಶಾಲೆಗಳಿಗೆ ಕಂಪೆನಿಗಳ, ಹಳೆವಿದ್ಯಾರ್ಥಿಗಳ ಹಣ ಸೇರಿಸಲು 2022ರ ದಶಂಬರದಲ್ಲಿ ನಮ್ಮ ಸ್ಕೂಲ್ ಎಂಬ ಪ್ರತಿಷ್ಠಾನವನ್ನೇ ಆರಂಭಿಸಿದರು. ತಾಳವಾಡಿಯ, ಹೊಸೂರಿನ ಕನ್ನಡ ಶಾಲೆಗಳೂ ಸರಕಾರಿ ಶಾಲೆಗಳೇ ಆದಮೇಲೆ ಅಲ್ಲಿ ಕೇಳಲು ಸಂಕೋಚವೇಕೆ?

ಕಂಪೆನಿ ಹಣ ಕೊಡುವುದು ಸಾಮಾನ್ಯವಾಗಿ ನೋಂದಾಯಿತ ಸಂಸ್ಥೆಗೆ. ಸಂಘ ಅಥವಾ ಟ್ರಸ್ಟ್ ಆಗಿ ನೋಂದಣಿ, ಆದಾಯ ತೆರಿಗೆಯ 12ಎ ಮತ್ತು 80ಜಿ ಪ್ರಮಾಣಪತ್ರ, ಕನಿಷ್ಠ ಮೂರು ವರ್ಷ ಇಂಥ ಕೆಲಸ ಮಾಡಿದ ದಾಖಲೆ, 2021ರಿಂದ ಸಿ.ಎಸ್.ಆರ್.-1 ಎಂಬ ನಮೂನೆಯ ನೋಂದಣಿ ಇವೆಲ್ಲ ಬೇಕು. ನಮ್ಮ ರಕ್ಷಕ-ಶಿಕ್ಷಕ ಸಂಘಗಳಲ್ಲಿ ಹೆಚ್ಚಿನವುಗಳಿಗೆ ಇದು ಯಾವುದೂ ಇಲ್ಲ. ಪ್ರತಿ ಶಾಲೆಯೂ ಹೊಸ ಟ್ರಸ್ಟ್ ಮಾಡಿ ವರ್ಷವರ್ಷ ಲೆಕ್ಕಪರಿಶೋಧಕರಿಗೆ ಹಣ ತೆರುವುದರಲ್ಲಿ ಅರ್ಥವಿಲ್ಲ. ಈಗಾಗಲೇ ಈ ಪತ್ರಗಳೆಲ್ಲ ಇರುವ, ಹೆಸರು ಕೆಡದ ಒಂದು ಕನ್ನಡ ಸಂಸ್ಥೆಯೊಂದಿಗೆ ನಾಲ್ಕೈದು ಶಾಲೆಗಳು ಸೇರಿ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಮೇಲು.

ಐದು ಶಾಲೆಗಳು, ಎರಡು ಪೆಟ್ಟಿಗೆಗಳು

ಈ ಸೇರುವಿಕೆಯ ಮಾತನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಮ್ಮದು ಸಣ್ಣ ಶಾಲೆಗಳು. ಒಂದರಲ್ಲಿ ದೊಡ್ಡ ತರಗತಿಗಳ ಮಕ್ಕಳು ನಲುವತ್ತು ಎಂದಿಟ್ಟುಕೊಳ್ಳಿ. ನಲುವತ್ತು ಮಕ್ಕಳಿಗೆ ಯಾರೂ ಲಕ್ಷಗಟ್ಟಲೆ ಕೊಡುವುದಿಲ್ಲ. ಐದು ಶಾಲೆಗಳು ಸೇರಿದರೆ ಇನ್ನೂರು ಮಕ್ಕಳು. ಹತ್ತು ಲ್ಯಾಪ್‌ಟಾಪುಗಳನ್ನು ಎರಡು ಗಟ್ಟಿ ಪೆಟ್ಟಿಗೆಗಳಲ್ಲಿಟ್ಟು, ಒಬ್ಬರು ಕಲಿಸುವವರು ಸೋಮವಾರ ಒಂದು ಶಾಲೆ, ಮಂಗಳವಾರ ಇನ್ನೊಂದು, ಹೀಗೆ ವಾರಕ್ಕೊಮ್ಮೆ ಪ್ರತಿ ಶಾಲೆಗೂ ಹೋಗಲಿ. ಒಂದು ಯಂತ್ರಕ್ಕೆ ಇಬ್ಬರಂತೆ ಇಪ್ಪತ್ತು ಮಕ್ಕಳ ಎರಡು ತಂಡ.

ದರಗಳು ಊರಿಂದೂರಿಗೆ ಬೇರೆ. ಲೆಕ್ಕದ ಕ್ರಮ ತಿಳಿಯಲೆಂದು ಹೀಗೆ ಹಿಡಿಯಿರಿ. ಯಂತ್ರ ಒಂದಕ್ಕೆ 30,000ದಂತೆ 3 ಲಕ್ಷ ರೂ. ಪ್ರೊಜೆಕ್ಟರು, ಪೆಟ್ಟಿಗೆ, ಬಿಡಿ ಸಾಮಾನು 60,000. ಒಟ್ಟು ಮೊದಲ ಖರ್ಚು 3,60,000. ಇನ್ನು ವರ್ಷದ ಖರ್ಚು: ಕಲಿಸುವವರಿಗೆ ತಿಂಗಳಿಗೆ 12,000ದಂತೆ ಹತ್ತು ತಿಂಗಳಿಗೆ 1,20,000; ಪ್ರಯಾಣ 20,000; ಇಂಟರ್‌ನೆಟ್ಟಿಗೆ 6,000; ದುರಸ್ತಿಗೆ 24,000; ಕನ್ನಡ ಪಾಠದ ಪ್ರತಿಗಳಿಗೆ 10,000. ಒಟ್ಟು 1,80,000. ಮೂರು ವರ್ಷಕ್ಕೆ 5,40,000. ಎಲ್ಲ ಸೇರಿ 9 ಲಕ್ಷ ರೂ. ಇನ್ನೂರು ಮಕ್ಕಳು, ಮೂರು ವರ್ಷ: ಒಂದು ಮಗುವಿಗೆ ವರ್ಷಕ್ಕೆ 1,500 ರೂ. ಈ 1,500 ಎಂಬ ಅಂಕಿಯನ್ನು ಅರ್ಜಿಯ ಮೊದಲ ಪುಟದಲ್ಲಿ ಬರೆಯಿರಿ. ಒಂಬತ್ತು ಲಕ್ಷವೆಂದರೆ ಹೌಹಾರುವ ದಾನಿಯೂ ಇದನ್ನು ಓದುತ್ತಾನೆ. ಅದೇ ಹತ್ತು ಯಂತ್ರಗಳು ಒಂದೇ ಸಣ್ಣ ಶಾಲೆಯಲ್ಲಿದ್ದರೆ ವಾರದಲ್ಲಿ ನಾಲ್ಕು ದಿನ ಬೀಗದೊಳಗೆ ಇರುತ್ತಿದ್ದುವು.

ಕಲಿಸುವವರು ಎಲ್ಲಿ ಸಿಗುತ್ತಾರೆ? ನಮ್ಮ ಶಾಲೆಗಳಲ್ಲೇ ಕಲಿತು, ಪದವಿ ಮುಗಿಸಿ, ಕೆಲಸಕ್ಕೆ ಕಾಯುತ್ತಿರುವ ಹುಡುಗ ಹುಡುಗಿಯರು ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ಒಂದು ತಿಂಗಳ ತರಬೇತಿ ಕೊಡಿಸಿದರೆ ಸಾಕು. ಸಂಜೆ ಎರಡು ಗಂಟೆ ಅದೇ ಪೆಟ್ಟಿಗೆಯನ್ನು ವಾಚನಾಲಯದಲ್ಲಿ ತೆರೆದರೆ ಶಾಲೆ ಬಿಟ್ಟ ಯುವಕರಿಗೂ ಕಲಿಯಲು ಆಗುತ್ತದೆ. ಹಣ ಕೊಡುವವರಿಗೂ ಅದು ಮೆಚ್ಚುಗೆ.

ತಂತ್ರಾಂಶಕ್ಕೆ ಹಣ ಸುರಿಯಬೇಕಾಗಿಲ್ಲ. ಮುಕ್ತ ತಂತ್ರಾಂಶ ಉಚಿತವಾಗಿ ಸಿಗುತ್ತದೆ; ಕೇರಳದ ಶಾಲೆಗಳು ನಡೆಯುವುದೇ ಅದರಲ್ಲಿ. ಬರವಣಿಗೆ, ಲೆಕ್ಕದ ಹಾಳೆಗಳಿಗೆ ಬೇಕಾದ ಲಿಬ್ರೆಆಫೀಸ್ ಕನ್ನಡದಲ್ಲಿ ದೊರೆಯುತ್ತದೆ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಮಗು ಕೆಲವೇ ದಿನಗಳಲ್ಲಿ ಕಲಿಯುತ್ತದೆ. ಯೂನಿಕೋಡಿನಲ್ಲಿ ಬರೆದ ಕನ್ನಡ ಯಾವ ಯಂತ್ರದಲ್ಲೂ ತೆರೆದುಕೊಳ್ಳುತ್ತದೆ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಷ್ಟೆ ಇತ್ತು. ಹೇಳುವವರಿರಲಿಲ್ಲ.

ಅರ್ಜಿ ಬರೆಯುವ ಕ್ರಮ

ಅರ್ಜಿ ಉದ್ದವಿದ್ದಷ್ಟು ಒಳ್ಳೆಯದೆಂಬ ಭ್ರಮೆ ಬೇಡ. ಕನ್ನಡದ ಎರಡು ಸಾವಿರ ವರ್ಷಗಳ ಇತಿಹಾಸವನ್ನು ಅಲ್ಲಿ ಬರೆಯಬೇಡಿ. ಎರಡು ಪುಟದಲ್ಲಿ ಐದು ಪ್ರಶ್ನೆಗಳಿಗೆ ಉತ್ತರವಿರಲಿ. ಮಕ್ಕಳು ಎಷ್ಟು, ಯಾವ ತರಗತಿ, ಹುಡುಗಿಯರೆಷ್ಟು? ಈಗ ಏನಿದೆ, ಏನಿಲ್ಲ? ವರ್ಷದ ಕೊನೆಗೆ ಮಗುವಿಗೆ ಏನು ಬರುತ್ತದೆ? ಕಲಿಸುವವರು ಯಾರು? ಹಣ ಮುಗಿದ ಮೇಲೆ ನಡೆಸುವವರು ಯಾರು?

ಮೂರನೆಯ ಪ್ರಶ್ನೆಗೆ "ಡಿಜಿಟಲ್ ಜ್ಞಾನ ವೃದ್ಧಿ" ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. "ಏಳನೆಯ ತರಗತಿಯ ಪ್ರತಿ ಮಗು ಒಂದು ಪುಟ ಕನ್ನಡವನ್ನು ತಾನೇ ಬೆರಳಚ್ಚು ಮಾಡುತ್ತದೆ, ಊರಿನ ಒಂದು ತಿಂಗಳ ಮಳೆಯನ್ನು ಅಳೆದು ಲೆಕ್ಕದ ಹಾಳೆಯಲ್ಲಿ ಗೆರೆಯಾಗಿ ತೋರಿಸುತ್ತದೆ, ಒಂದು ಸಣ್ಣ ಆಟವನ್ನು ತಾನೇ ರಚಿಸುತ್ತದೆ" ಎಂದು ಬರೆಯಿರಿ. ಅದನ್ನು ಯಾರು ಬೇಕಾದರೂ ಬಂದು ಪರೀಕ್ಷಿಸಬಹುದು. ಐದನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ತಿಂಗಳಿಗೆ ಮನೆಯೊಂದಕ್ಕೆ ಇಪ್ಪತ್ತು ರೂಪಾಯಿಯಂತೆ ಒಂದು ದುರಸ್ತಿ ನಿಧಿ ಇಂದೇ ಆರಂಭಿಸಿ. ಇನ್ನೂರು ಮನೆಗಳಿಂದ ವರ್ಷಕ್ಕೆ 48,000 ರೂ. ಮೊತ್ತ ಸಣ್ಣದು. ಆದರೆ ಪಾಸುಪುಸ್ತಕದ ಪ್ರತಿ ಅರ್ಜಿಯೊಂದಿಗೆ ಹೋದಾಗ ಊರಿನವರು ಮೊದಲು ತಾವು ಕೈಹಾಕಿದ್ದಾರೆಂದು ತಿಳಿಯುತ್ತದೆ. ಮಹಾರಾಷ್ಟ್ರದಲ್ಲಿ 2015ರ ಸುಮಾರಿಗೆ ಅನೇಕ ಜಿಲ್ಲಾ ಪರಿಷತ್ ಶಾಲೆಗಳು ಊರವರ ವಂತಿಗೆಯಿಂದಲೇ ಡಿಜಿಟಲ್ ಶಾಲೆಗಳಾದುವು. ಸೊಲ್ಲಾಪುರ ಜಿಲ್ಲೆಯ ಜಿಲ್ಲಾ ಪರಿಷತ್ ಶಾಲೆಯ ಅಧ್ಯಾಪಕ ರಣಜಿತ್‌ಸಿಂಹ ಡಿಸಲೆ ಅವರು ಪಠ್ಯಪುಸ್ತಕಕ್ಕೆ ಕ್ಯೂ.ಆರ್. ಸಂಕೇತ ಸೇರಿಸಿದ ಕೆಲಸಕ್ಕಾಗಿ 2020ರಲ್ಲಿ ಜಾಗತಿಕ ಅಧ್ಯಾಪಕ ಪ್ರಶಸ್ತಿ ಪಡೆದರು. ಹಳ್ಳಿಯ ಶಾಲೆಯಲ್ಲಿ ಏನಾಗುತ್ತದೆ ಎನ್ನುವವರಿಗೆ ಅಕ್ಕಲಕೋಟೆ, ಜತ್ತದ ನಮ್ಮವರು ಈ ಉದಾಹರಣೆ ಕೊಡಬಹುದು.

ಹಣ ಬಂದ ಮೇಲೆ ಬೇರೆಯೇ ಖಾತೆಯಲ್ಲಿಡಿ, ಇಬ್ಬರ ಸಹಿ ಇರಲಿ, ಅದರಲ್ಲಿ ಒಬ್ಬರು ತಾಯಂದಿರಾಗಿರಲಿ. ಪ್ರತಿ ಬಿಲ್ಲನ್ನೂ ಶಾಲೆಯ ಫಲಕದಲ್ಲಿ ಅಂಟಿಸಿ. ಹಣ ಬಳಕೆಯ ಪ್ರಮಾಣಪತ್ರವನ್ನು ಗಡುವಿನೊಳಗೆ ಕಳುಹಿಸಿ. ಅದು ಹೋಗದಿದ್ದರೆ ಎರಡನೆಯ ಕಂತು ಬರುವುದಿಲ್ಲ, ಮುಂದೆ ಬರುವ ಇನ್ನೊಂದು ಕನ್ನಡ ಶಾಲೆಯ ಅರ್ಜಿಯ ಮೇಲೂ ಸಂಶಯ ಬೀಳುತ್ತದೆ. ಸತ್ತ ಯಂತ್ರಗಳನ್ನು ನಿಯಮದಂತೆ ದಾಸ್ತಾನಿನಿಂದ ತೆಗೆಸಿ. ವಾರ್ಷಿಕ ಮಾಹಿತಿಯಲ್ಲಿ ಕೆಲಸ ಮಾಡುವ ಯಂತ್ರ ಎಷ್ಟೋ ಅಷ್ಟನ್ನೇ ಬರೆಯಲು ಮುಖ್ಯೋಪಾಧ್ಯಾಯರಿಗೆ ನೆನಪಿಸಿ.

ಕೊನೆಯದಾಗಿ

ಸಭೆ ಮುಗಿದ ಮೇಲೆ ಚಹಾ ಕುಡಿದು ಹೊರಟುಹೋಗಬೇಡಿ. ಮೂರು ಕೆಲಸ ಮಾಡಿ. ಈ ವಾರ ಶಾಲೆಗೆ ಹೋಗಿ ಶಾಲಾ ಅಭಿವೃದ್ಧಿ ಯೋಜನೆಯನ್ನು ಕೇಳಿ ಓದಿ. ಮುಂದಿನ ಗ್ರಾಮಸಭೆಗೆ ಶಾಲೆಯೊಂದರಿಂದ ಹತ್ತು ಮಂದಿ ಹೋಗಿ ಬೇಡಿಕೆಯನ್ನು ದಾಖಲೆ ಮಾಡಿಸಿ. ತಿಂಗಳೊಳಗೆ ಹತ್ತಿರದ ನಾಲ್ಕು ಶಾಲೆಗಳ ಹೆತ್ತವರನ್ನು ಒಂದು ಕಡೆ ಸೇರಿಸಿ. ಮಾವ, ಅತ್ತಿಗೆ, ನೆರೆಮನೆಯವರು ಎಂದು ನೋಡಬೇಡಿ, ಕೆಲಸ ಮಾಡಬಲ್ಲವರನ್ನು ಆರಿಸಿ.

ಹಣ ಬಂದ ಕೂಡಲೇ ಹೋದ ಮಕ್ಕಳೆಲ್ಲ ಮರಳಿ ಬರುತ್ತಾರೆಂದು ನಾನು ಹೇಳುವುದಿಲ್ಲ. ಇಂಗ್ಲಿಷಿನ ಮೋಹಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಕನ್ನಡದಲ್ಲಿ ಕಲಿತರೆ ಕಂಪ್ಯೂಟರು ಬರುವುದಿಲ್ಲ ಎಂಬ ಒಂದು ಸುಳ್ಳನ್ನಾದರೂ ನಾವು ಸುಳ್ಳೆಂದು ತೋರಿಸಬಹುದು. ಆ ಐದನೆಯ ತರಗತಿಯ ಹುಡುಗಿ ಆ ದಿನ ಉತ್ತರ ಸಿಗದೆ ತನ್ನ ಬೆಂಚಿಗೆ ಮರಳಿ ಹೋದಳು. ಇನ್ನೊಬ್ಬಳು ಬಂದು ಅದೇ ಪ್ರಶ್ನೆ ಕೇಳುತ್ತಾಳೆ. ಆಗ "ಬಾ ಮಗಳೆ, ನಿನ್ನ ಹೆಸರನ್ನೇ ಮೊದಲು ಬರೆದು ನೋಡು" ಎಂದು ಹೇಳುವವರು ನಮ್ಮ ಪ್ರತಿ ಶಾಲೆಯಲ್ಲೂ ಒಬ್ಬರು ಇರುವಂತೆ ಮಾಡೋಣ.